ಕೀಲಿಮಣೆ ನಮಗೆ, ಹುದ್ದೆ ಯಾರಿಗೆ?

ಯಾವ ನಾಡಕಚೇರಿಗಾದರೂ ಹೋಗಿ ನೋಡಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಿಧವಾ ವೇತನದ ಅರ್ಜಿ ಎಲ್ಲವೂ ಒಬ್ಬ ಆಪರೇಟರ್ ಹುಡುಗನ ಇಲ್ಲಾ ಹುಡುಗಿಯ ಬೆರಳು ದಾಟಿಯೇ ಬರಬೇಕು. ಆ ಕಾಗದ ಹಿಡಿದು ನಮ್ಮ ಕೇರಿಯ ಮಕ್ಕಳು ಹಾಸ್ಟೆಲ್ಲು ಸೇರ್ತಾರೆ, ಮೀಸಲು ಹುದ್ದೆಗೆ ಅರ್ಜಿ ಹಾಕ್ತಾರೆ. ಆದರೆ ಅದನ್ನು ಅಚ್ಚು ಹಾಕಿಕೊಡುವವನಿಗೆ ಹುದ್ದೆಯೇ ಇಲ್ಲ. ಅವನು ಸರ್ಕಾರಿ ನೌಕರನಲ್ಲ, ಏಜೆನ್ಸಿಯ ಆಳು.

ಇದನ್ನು ಜೀತ ಅನ್ನಬಾರದಂತೆ. ಜೀತ 1976ರ ಕಾಯಿದೆಯಲ್ಲೇ ರದ್ದಾಯಿತಲ್ಲ! ಹಾಗಾದರೆ ಏನನ್ನೋಣ ಸ್ವಾಮಿ? ಕೆಲಸ ಸರ್ಕಾರದ್ದು, ಕಂಪ್ಯೂಟರು ಸರ್ಕಾರದ್ದು, ಬೈಗುಳ ಸಾಹೇಬರದ್ದು. ಸಂಬಳ ಮಾತ್ರ ಗುತ್ತಿಗೆದಾರನ ಕೈಯಿಂದ, ಅದೂ ಅವನ ಪಾಲು ಮುರಿದುಕೊಂಡ ಮೇಲೆ.

ಬಾಬಾಸಾಹೇಬರ ಮುಂದಾಳತ್ವದಲ್ಲಿ ಕರಡಾದ ಸಂವಿಧಾನದಲ್ಲಿ 311ನೇ ವಿಧಿ ಇದೆ. ಸಿವಿಲ್ ಹುದ್ದೆಯಲ್ಲಿರುವವನನ್ನು ಅವನನ್ನು ನೇಮಿಸಿದವರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ಕೆಲವು ಅಪವಾದ ಬಿಟ್ಟರೆ, ಆರೋಪ ತಿಳಿಸಿ, ಅವನ ಮಾತು ಕೇಳಿ, ವಿಚಾರಣೆ ಮಾಡದೆ ತೆಗೆಯುವಂತಿಲ್ಲ. ಹೊರಗುತ್ತಿಗೆಯವನ ಪಾಲಿಗೆ ಈ ವಿಧಿಯೇ ಇಲ್ಲ. 'ನಾಳೆಯಿಂದ ಬರಬೇಡ' ಅಂದರೆ ಮುಗೀತು.

ಇದು ಬರೀ ಅವನ ಹೊಟ್ಟೆಪಾಡಿನ ಮಾತಲ್ಲ, ನಮ್ಮ ನೆಲದ ಮಾತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಈ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿನೊಳಗೆ ಹೋದವು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಎನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯಿದೆ. ಆ ನಿರ್ಬಂಧದ ಒಂದು ಸಾಲು ದಾಖಲೆಯಿಂದ ಅಳಿದರೆ ಧಣಿಗೆ ದಾರಿ ಸಲೀಸು. ಮೇಲಿನವರು ಬಾಯಿಮಾತಲ್ಲಿ 'ತಿದ್ದು' ಅಂದರೆ, 'ಬರೆದು ಕೊಡಿ ಸಾರ್' ಅನ್ನುವ ಎದೆ ದಿನಗೂಲಿಯವನಿಗೆ ಎಲ್ಲಿಂದ ಬರಬೇಕು? ಧೈರ್ಯ ಹುಟ್ಟುಗುಣವಲ್ಲ, ಅದಕ್ಕೊಂದು ನೇಮಕಾತಿ ಆದೇಶ ಬೇಕು. ನಮ್ಮ ತಾತಂದಿರು ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡರು. ಈಗ ಓದು ಬಲ್ಲ ಮೊಮ್ಮಕ್ಕಳು ಅದೇ ದಾಖಲೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕೇ?

ತಂತ್ರಜ್ಞಾನ ದಿನಾ ಬದಲಾಗುತ್ತೆ, ಕಾಯಂ ಹುದ್ದೆ ಯಾಕೆ ಅಂತಾರೆ ಬುದ್ಧಿವಂತರು. ತಂತ್ರಾಂಶ ಬದಲಾದೀತು, ಪಹಣಿ ಕೇಳುವ ರೈತ ಬದಲಾಗುತ್ತಾನೆಯೇ? 'ಭೂಮಿ'ಯ ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಎನ್‌ಐಸಿ. ಅಲ್ಲಿನ ಕಾಯಂ ವಿಜ್ಞಾನಿಗಳಿಗೆ ಸೇವಾಭದ್ರತೆ ಇದೆ, ಇರಲೇಬೇಕು. ಬರೆಯುವವನಿಗೆ ಭದ್ರತೆ, ಒತ್ತುವವನಿಗೆ ಗುತ್ತಿಗೆ! ಈ ಏಣಿಶ್ರೇಣಿಯನ್ನು ನಾವು ಎಲ್ಲೋ ನೋಡಿದ್ದೇವಲ್ಲವೇ?

ಕೋರ್ಟಿನ ಮಾತಿಗೆ ಬರೋಣ. 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಕೇಸಿನದು. ನಿಯಮದಂತೆ ನೇಮಕವಾಗದವರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಮಂಜೂರಾದ ಹುದ್ದೆಯಲ್ಲಿ 10 ವರ್ಷ ದುಡಿದ ಅರ್ಹರನ್ನು ಒಂದು ಸಲಕ್ಕೆ ಪರಿಗಣಿಸಿ ಎಂದೂ ಹೇಳಿತು. ಅಧಿಕಾರಶಾಹಿ ಮೊದಲ ಮಾತನ್ನು ಬಾಯಿಪಾಠ ಮಾಡಿತು, ಎರಡನೆಯದನ್ನು ನುಂಗಿತು. ಹಿಂಬಾಗಿಲ ನೇಮಕಾತಿಗೆ ನಾವೂ ವಿರೋಧಿಗಳೇ. ಮೀಸಲಾತಿಯನ್ನು ತಿಂದದ್ದೇ ಹಿಂಬಾಗಿಲು. ಆದರೆ ಮುಂಬಾಗಿಲಿಗೆ ಬೀಗ ಜಡಿದವರು ಯಾರು? 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ಮೇಲೆ ಆಯುಧ ಮಾಡಿಕೊಳ್ಳಬೇಡಿ ಎಂದು ಗದರಿತು. ಆ ತೀರ್ಪು ಗೆದ್ದುಕೊಟ್ಟವರು ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸಿದ ಹೆಂಗಸರು, ಗಿಡಕ್ಕೆ ನೀರು ಹಾಕಿದ ಮಾಲಿ. ಪದವಿ ಪಡೆದ ನಾವು ಅವರಿಂದ ಕಲಿಯುವುದಿದೆ.

2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಿ ಅಂತ ಸುತ್ತೋಲೆ ಹೊರಡಿಸಿತು. ಸಂತೋಷ. ಆದರೆ ಯಾವಾಗ ಬೇಕಾದರೂ ಎಬ್ಬಿಸಬಹುದಾದ ಪಂಕ್ತಿಯಲ್ಲಿ ನಮಗೊಂದು ಎಲೆ ಹಾಕಿದರೆ ಅದು ಪಾಲಲ್ಲ, ಭಿಕ್ಷೆ.

ನಾವು ಕೇಳುವುದಿಷ್ಟೇ. ನಿತ್ಯ ನಡೆಯುವ ಕೆಲಸಕ್ಕೆ ಹುದ್ದೆ ಮಂಜೂರು ಮಾಡಿ. ರೋಸ್ಟರ್ ಹಾಕಿ, ಪರೀಕ್ಷೆ ಇಡಿ, ದುಡಿದ ವರ್ಷಗಳಿಗೆ ಬೆಲೆ ಕಟ್ಟಿ. ಆದೇಶ ಬರಹದಲ್ಲಿರಲಿ. ತಪ್ಪು ಮಾಡಿದವನನ್ನು ವಿಚಾರಿಸಿ ಶಿಕ್ಷಿಸಿ, ವಿಚಾರಿಸದೆ ಯಾರನ್ನೂ ಓಡಿಸಬೇಡಿ. ಗೆಳೆಯರೇ, ಒಬ್ಬೊಬ್ಬರೇ ಪರದೆ ನೋಡುತ್ತಾ ಕೂತರೆ ಇದು ಸಿಗುವುದಿಲ್ಲ. ತಾಲ್ಲೂಕು ತಾಲ್ಲೂಕಿನಲ್ಲಿ ಸಂಘ ಕಟ್ಟಿ. ಪಹಣಿಗೆ ಸಾಲಿನಲ್ಲಿ ನಿಂತ ರೈತನಿಗೂ ಹೇಳಿ: ಈ ಜಗಳ ನಿನ್ನದೂ ಹೌದು.