ಕಾಲಯಂತ್ರದ ಪಯಣ: ಯಾವ ಊರಿಗೆ, ಯಾವ ವರ್ಷಕ್ಕೆ?

ಕಾಲಯಂತ್ರ ಸಿಕ್ಕರೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ಮನಸ್ಸು ಸಾಮಾನ್ಯವಾಗಿ ಹಿಂದಕ್ಕೇ ವಾಲುತ್ತದೆ. ಕೃಷ್ಣದೇವರಾಯನ ಹಂಪಿ, ಬಸವಣ್ಣನ ಕಲ್ಯಾಣ, ತೀರಿಹೋದ ಅಜ್ಜಿ ಇನ್ನೂ ಓಡಾಡಿಕೊಂಡಿದ್ದ ಮನೆ, ಇಂಥವೇ ಮೊದಲು ನೆನಪಾಗುತ್ತವೆ. ಈ ಯಂತ್ರಕ್ಕೆ ಹೆಸರು ಕೊಟ್ಟ ಕಥೆಯ ದಾರಿ ಮಾತ್ರ ಬೇರೆ. ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ 'ದಿ ಟೈಮ್ ಮಷೀನ್' ಕಾದಂಬರಿಯ ಪ್ರಯಾಣಿಕ ಇಳಿಯುವುದು ಕ್ರಿ.ಶ. 8,02,701ರಲ್ಲಿ. ಭಾಗವತ ಹೇಳುವ ಕಕುದ್ಮಿಯ ಪಯಣವೂ ಮುಂದಕ್ಕೇ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ ರಾಜ, ಅಲ್ಲಿ ನಡೆಯುತ್ತಿದ್ದ ಗಾಯನ ಮುಗಿಯಲೆಂದು ತುಸು ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳು ಉಳಿದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳ ಹೆಸರೂ ಉಳಿದಿಲ್ಲ. ರೇವತಿ ಕೊನೆಗೆ ಬಲರಾಮನನ್ನು ಮದುವೆಯಾಗುತ್ತಾಳೆ. ತಂದೆ ಮಗಳು ತಮ್ಮ ಕಾಲಕ್ಕೆ ಮರಳುವ ಮಾತು ಆ ಕಥೆಯಲ್ಲಿ ಬರುವುದಿಲ್ಲ.

ಭೌತಶಾಸ್ತ್ರ ಒಪ್ಪುವುದೂ ಕಕುದ್ಮಿಯ ದಾರಿಯನ್ನೇ. ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ಮ್ಯುಯಾನ್ ಎಂಬ ಕಣ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಹುಟ್ಟುವ ಈ ಕಣದ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡು. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರು ದಾಟುವುದು ಕಷ್ಟ. ಆದರೂ ಮ್ಯುಯಾನ್‌ಗಳು ನೆಲ ಮುಟ್ಟುತ್ತವೆ, ಹೆಚ್ಚು ಶಕ್ತಿಯುಳ್ಳವು ನೆಲದೊಳಕ್ಕೂ ಇಳಿಯುತ್ತವೆ. ಕೋಲಾರದ ಚಿನ್ನದ ಗಣಿಗಳಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದಲೇ ಬೇರೆ ಬೇರೆ ಆಳಗಳಲ್ಲಿ ಅವನ್ನು ಎಣಿಸಿದರು. ಭೂಮಿಯ ಮೇಲಿನ ಗಡಿಯಾರದ ಲೆಕ್ಕದಲ್ಲಿ ಎಂದೋ ಅಳಿಯಬೇಕಿದ್ದ ಕಣ ಗಣಿಯವರೆಗೆ ಬಂತೆಂದರೆ, ಅದರ ಪಾಲಿನ ಕಾಲ ಅಷ್ಟು ನಿಧಾನವಾಗಿ ಕಳೆದಿದೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿಟ್ಟು ಭೂಮಿಯನ್ನು ಸುತ್ತಿಸಿದಾಗ, ಪೂರ್ವಕ್ಕೆ ಹೋದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ 59 ನ್ಯಾನೊಸೆಕೆಂಡಿನಷ್ಟು ಹಿಂದೆ ಬಿದ್ದಿದ್ದವು. ಅಂತರ ಅತ್ಯಲ್ಪವಾದರೂ ನಿಜವಾದದ್ದು. ಬೇಕಾದಷ್ಟು ವೇಗ ದೊರೆತರೆ ಭವಿಷ್ಯಕ್ಕೆ ಹೋಗಲು ನಿಸರ್ಗನಿಯಮದ ಅಡ್ಡಿಯಿಲ್ಲ.

ಹಿಂದಕ್ಕೆ ಹೋಗುವ ವಿಷಯ ಹಾಗಿಲ್ಲ. ಗಣಿತಜ್ಞ ಕರ್ಟ್ ಗೋಡೆಲ್ 1949ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಗೆ ಹುಡುಕಿದ ಒಂದು ಪರಿಹಾರದಲ್ಲಿ ಹೊರಟ ಗಳಿಗೆಗೇ ಸುತ್ತಿ ಬರುವ ದಾರಿಗಳಿದ್ದವು. ಆದರೆ ಅದು ಇಡೀ ವಿಶ್ವವೇ ತಿರುಗುತ್ತಿದ್ದರೆ ಎಂಬ ಊಹೆಯ ಮೇಲೆ ನಿಂತದ್ದು, ನಮ್ಮ ವಿಶ್ವ ಅಂಥದ್ದೆಂದು ತೋರುವುದಿಲ್ಲ. 1988ರಲ್ಲಿ ಕಿಪ್ ಥಾರ್ನ್ ಮತ್ತು ಅವರ ಸಂಗಡಿಗರು ದೇಶಕಾಲದ ಎರಡು ತಾಣಗಳನ್ನು ಬೆಸೆಯುವ ಸುರಂಗವೊಂದನ್ನು ಕಾಲಯಂತ್ರವಾಗಿ ಬಳಸಬಹುದೇ ಎಂದು ಪರಿಶೀಲಿಸಿದರು. ಅಂಥ ಸುರಂಗ ಸಾಧ್ಯವಾದರೂ ಒಂದು ಕಟ್ಟಳೆಯುಂಟು: ಅದು ಯಂತ್ರವಾದ ದಿನಕ್ಕಿಂತ ಹಿಂದಕ್ಕೆ ಯಾರನ್ನೂ ಒಯ್ಯಲಾರದು. 1520ರ ಹಂಪಿಯನ್ನು ನೋಡಬೇಕೆಂದರೆ 1520ಕ್ಕೆ ಮೊದಲೇ ಯಾರಾದರೂ ಅದರ ಬಾಗಿಲನ್ನು ತೆರೆದಿಟ್ಟಿರಬೇಕು. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಜ್‌ನಲ್ಲಿ ಕಾಲಪ್ರಯಾಣಿಕರಿಗಾಗಿ ಔತಣವಿಟ್ಟು, ಅದು ಮುಗಿದ ಮೇಲೆ ಕರೆಯೋಲೆ ಪ್ರಕಟಿಸಿದರು. ಯಾರೂ ಬಂದಿರಲಿಲ್ಲ. ಹಿಂದಕ್ಕೆ ಪಯಣ ಅಸಾಧ್ಯ ಎನ್ನಲು ಅವರಿಗೆ ಅದೊಂದು ಪುರಾವೆಯಾಗಿತ್ತು. ಆದರೆ ಮೇಲಿನ ಕಟ್ಟಳೆಯನ್ನು ಒಪ್ಪಿದರೆ, 2009ರಲ್ಲಿ ಯಂತ್ರವೇ ಇರಲಿಲ್ಲವಾದ್ದರಿಂದ ಅತಿಥಿಗಳು ಬಾರದಿದ್ದುದು ಏನನ್ನೂ ಸಾಧಿಸುವುದಿಲ್ಲ.

'ಯಾವಾಗ' ಎಂಬುದರ ಜೊತೆಗೆ 'ಎಲ್ಲಿ' ಎಂಬುದೂ ಸುಲಭವಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಒಂದೇ ಒಂದು ಗಂಟೆ ಹಿಂದಕ್ಕೆ ಹೋದವನ ಯಂತ್ರ ಭೂಮಿಯ ಜೊತೆ ಸರಿಯದಿದ್ದರೆ, ಅವನು ಇಳಿಯುವುದು ಲಕ್ಷ ಕಿಲೋಮೀಟರು ಆಚೆಯ ಬರಿದಾದ ಬಾಹ್ಯಾಕಾಶದಲ್ಲಿ. ವೆಲ್ಸ್ ಯಂತ್ರವನ್ನು ನೆಲಕ್ಕೆ ಅಂಟಿಸಿಯೇ ಓಡಿಸಿದ. ಆದರೆ ನೆಲವೂ ಇದ್ದಹಾಗೆ ಇರುವುದಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಆ ಬಂಡೆ ರೂಪುಗೊಂಡ ಕಾಲಕ್ಕೆ ಹೋದರೆ ಗಾಳಿಯಲ್ಲಿ ಉಸಿರಾಡಲು ಆಮ್ಲಜನಕವೇ ಇಲ್ಲ. ವಿಜಯಪುರದ ಕಪ್ಪು ಬಂಡೆಯ ಮೇಲೆ ನಿಂತು ಸುಮಾರು 6.6 ಕೋಟಿ ವರ್ಷ ಹಿಂದಕ್ಕೆ ಹೋದರೆ ದಖನ್ನಿನ ಲಾವಾ ಹರಿಯುವ ಯುಗ. ಡೈನೊಸಾರ್ ನೋಡಬೇಕೆಂಬ ಮಕ್ಕಳ ಆಸೆಗೆ ಊರನ್ನು ತುಂಬ ಎಚ್ಚರದಿಂದ ಆರಿಸಬೇಕಾಗುತ್ತದೆ.

ಅಡ್ಡಿಗಳೆಲ್ಲ ನೀಗಿದವು ಎಂದುಕೊಂಡರೂ ಜನ ನಿಜಕ್ಕೂ ಎಲ್ಲಿಗೆ ಹೋದಾರು ಎಂಬುದು ಉಳಿಯುತ್ತದೆ. ಭವಿಷ್ಯದ ವಿಷಯವನ್ನು ಬೇಗ ಮುಗಿಸಬಹುದು. ಮೊಮ್ಮಕ್ಕಳು ಬೆಳೆದು ನಿಂತ ಕಾಲ, ಇಂದು ಮದ್ದಿಲ್ಲದ ಕಾಯಿಲೆಗೆ ಮದ್ದು ಸಿಕ್ಕ ಕಾಲ, ಇವು ಎಳೆಯುತ್ತವೆ. ಅದರಾಚೆಗಿನ ಭವಿಷ್ಯದ ಬಗ್ಗೆ ಕುತೂಹಲ ಹುಟ್ಟಬಹುದು, ಹಂಬಲ ಹುಟ್ಟುವುದಿಲ್ಲ. ಗುರುತಿನ ಒಂದು ಮುಖವೂ ಇಲ್ಲದ ಊರನ್ನು ಹಂಬಲಿಸುವುದು ಹೇಗೆ?

ಹಿಂದಿನ ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ರಾಜಧಾನಿಗಳು. ಹಲವು ಕನ್ನಡ ಚಿತ್ರಗಳನ್ನೂ ಮಾಡಿದ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ತೆಲುಗಿನಲ್ಲಿ 'ಆದಿತ್ಯ 369' ಎಂಬ ಕಾಲಯಂತ್ರದ ಚಿತ್ರ ತೆಗೆದಾಗ, ಆ ಯಂತ್ರವನ್ನು ಕಳಿಸಿದ್ದು ಕೃಷ್ಣದೇವರಾಯನ ಆಳ್ವಿಕೆಯ 1526ಕ್ಕೆ. ಆಯ್ಕೆ ಸಹಜವಾದದ್ದೇ. 1520ರ ಹೊತ್ತಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರವನ್ನು ರೋಮ್‌ನಷ್ಟು ದೊಡ್ಡದೆಂದು ಕಂಡ, ಮಹಾನವಮಿಯ ಸಂಭ್ರಮವನ್ನು ಬೆರಗಿನಿಂದ ಬರೆದಿಟ್ಟ. 1565ರ ಯುದ್ಧದ ನಂತರ ಹಾಳಾದ ಆ ಊರನ್ನು ಇಡಿಯಾಗಿ ನೋಡುವ ಆಸೆ ಯಾರಿಗೆ ಇರಲಾರದು?

ಇನ್ನೊಂದು ಬಗೆಯ ಆಸೆ ಇದಕ್ಕಿಂತ ಆಳವಾದದ್ದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ಸೀಮೆಯ ಹಳ್ಳಿಗಳು ನೀರಿನಡಿ ಸೇರಿದವು. ಮನೆ, ಅಡಕೆ ತೋಟ, ದೇವಸ್ಥಾನಗಳನ್ನು ಬಿಟ್ಟು ಜನ ಬೇರೆಡೆ ಹೋಗಿ ನೆಲೆಸಿದರು. ಅದೇ ಯೋಜನೆಯಲ್ಲಿ ನೌಕರರಾಗಿದ್ದ ನಾ. ಡಿಸೋಜ ಈ ಸಂಕಟವನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. ಮಳೆ ಕೈಕೊಟ್ಟ ವರ್ಷ ನೀರು ತಗ್ಗಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ, ಜನ ಗುಂಪುಗೂಡಿ ನೋಡಲು ಹೋಗುತ್ತಾರೆ. ಅಣೆಕಟ್ಟು ಕಂಡರೂ ಊರು ಮರಳಿ ಕಾಣುವುದಿಲ್ಲ. ಹಂಪಿಯ ಕಲ್ಲುಗಳ ನಡುವೆ ಇಂದಿಗೂ ನಿಲ್ಲಬಹುದು. ಮುಳುಗಡೆಯಾದ ಹಳ್ಳಿಯ ಅಂಗಳದಲ್ಲಿ ನಿಲ್ಲಲು ಕಾಲಯಂತ್ರವನ್ನು ಬಿಟ್ಟು ಬೇರೆ ವಾಹನವಿಲ್ಲ. ನಲವತ್ತೋ ಐವತ್ತೋ ಮೈಲಿಗೆ ಮುಗಿಯಬೇಕಿದ್ದ ತವರಿನ ದಾರಿಯನ್ನು ವರ್ಷಗಳಲ್ಲಿ ಎಣಿಸಬೇಕಾಗಿ ಬಂದವರು ಇವರು.

ಈ ಆಯ್ಕೆಗಳಲ್ಲೆಲ್ಲ ಸಾಮಾನ್ಯವಾಗಿ ಮರೆತುಹೋಗುವ ಒಂದು ಸಂಗತಿಯಿದೆ. ಯಂತ್ರ ಒಯ್ಯುವುದು ಒಂದು ವರ್ಷಕ್ಕೆ, ಆದರೆ ಆ ವರ್ಷದಲ್ಲಿ ಇಳಿಯುವವರಿಗೆ ಒಂದು ಮೈ, ಒಂದು ಜಾತಿ, ಒಂದು ಲಿಂಗ ಇರುತ್ತದೆ. ಅರಮನೆಯನ್ನು ಬಯಸುವವರು ತಾವು ಒಡ್ಡೋಲಗದಲ್ಲಿ ಕೂತವರೆಂದು ಕಲ್ಪಿಸಿಕೊಳ್ಳುತ್ತಾರೆ. ಬಾಗಿಲಾಚೆ ತಡೆಯಲ್ಪಟ್ಟವರ ಸಂಖ್ಯೆ ಎಂದೂ ದೊಡ್ಡದು. ಅಷ್ಟು ದೂರವೇಕೆ, 1901ರ ಜನಗಣತಿಯಂತೆ ಭಾರತದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ. ಕ್ಷಾಮ, ಪ್ಲೇಗು, ಇನ್‌ಫ್ಲುಯೆಂಜಾಗಳ ಹೊಡೆತ ತಿಂದ 1911–21ರ ದಶಕದಲ್ಲಿ ಭಾರತೀಯರ ನಿರೀಕ್ಷಿತ ಆಯುಷ್ಯ ಸುಮಾರು 20 ವರ್ಷಕ್ಕೆ ಕುಸಿದಿತ್ತು. ತನ್ನ ಅಜ್ಜಿಯ ಅಜ್ಜಿಗೆ ಕೆರೆಯ ನೀರು ಮುಟ್ಟಲು ಬಿಡಲಿಲ್ಲ ಎಂದು ತಿಳಿದವರಿಗೆ ವಿಜಯನಗರದ ವೈಭವ ಮೊದಲ ಆಯ್ಕೆಯಾಗಬೇಕಿಲ್ಲ. ಅವರು ಬಯಸುವ ದಿನ 1927ರ ಮಾರ್ಚ್ 20 ಆಗಿರಬಹುದು, ಊರು ಮಹಾಡ್ ಆಗಿರಬಹುದು. ಅಂಬೇಡ್ಕರ್ ಅಂದು ಚವದಾರ ಕೆರೆಗಿಳಿದು ಬೊಗಸೆಯಲ್ಲಿ ನೀರು ಕುಡಿದರು. ಯಾವ ಅರಮನೆಗಿಂತಲೂ ಆ ಕೆರೆಯ ಮೆಟ್ಟಿಲು ನೋಡತಕ್ಕದ್ದು.

ನೋಡಲೆಂದು ಹೊರಡುವವರಂತೆ ತಿದ್ದಲೆಂದು ಹೊರಡುವವರೂ ಇದ್ದಾರೆ. ತನ್ನ ಅಜ್ಜನನ್ನು ಕೊಂದವನು ಹುಟ್ಟುವುದು ಹೇಗೆ ಎಂಬ ತೊಡಕನ್ನು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಎತ್ತುತ್ತಾರೆ. ಅದಕ್ಕಿಂತ ಕಠಿಣವಾದ ಉದಾಹರಣೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನದಲ್ಲಿದೆ. ಕ್ರಿ.ಶ. 1057ರ ಆ ಶಾಸನ ದೇಕಬ್ಬೆಯ ಕಥೆ ಹೇಳುತ್ತದೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದು, ಚೋಳರಾಜನ ಅಪ್ಪಣೆಯಂತೆ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದ. ಸುದ್ದಿ ತಿಳಿದ ದೇಕಬ್ಬೆ ಹೆತ್ತವರೂ ಬಂಧುಗಳೂ ಬೇಡವೆಂದು ಗೋಗರೆದರೂ ಕೇಳದೆ ಚಿತೆಯೇರಿದಳು. ನಾಡಿನ ಎಷ್ಟೋ ಹಳ್ಳಿಗಳಲ್ಲಿ ಮೇಲೆತ್ತಿದ ತೋಳಿನ ಮಾಸ್ತಿಕಲ್ಲುಗಳಿವೆ. ಹೆಚ್ಚಿನವುಗಳ ಹಿಂದಿನ ಹೆಂಗಸಿನ ಹೆಸರು ಯಾರಿಗೂ ತಿಳಿಯದು. ದೇಕಬ್ಬೆಯ ಹೆಸರು ಮಾತ್ರವಲ್ಲ, ಆ ದಿನದ ಮಾತುಕತೆಯೂ ಕಲ್ಲಿನಲ್ಲಿ ಉಳಿದಿದೆ.

ಅಲ್ಲಿಗೆ ಹೋದ ಮನುಷ್ಯ ಸುಮ್ಮನೆ ನಿಂತು ನೋಡಬಹುದೇ? ಕೂಡದು ಎಂದೇ ಹೇಳಬೇಕು. ಒಂದು ಜೀವ ಬೆಂಕಿಗೆ ನಡೆಯುವಾಗ ಇತಿಹಾಸ ಕೆಟ್ಟೀತೆಂದು ಕೈಕಟ್ಟಿ ನಿಲ್ಲುವುದು ಮನುಷ್ಯನ ಲಕ್ಷಣವಲ್ಲ. ಆದರೆ ಅವಳನ್ನು ತಡೆದು ಉಳಿಸಿದರೆ ಶಾಸನ ಕೆತ್ತುವ ಕಾರಣವೇ ಇಲ್ಲವಾಗುತ್ತದೆ. ಶಾಸನವಿಲ್ಲದಿದ್ದರೆ ದೇಕಬ್ಬೆ ಎಂಬವಳೊಬ್ಬಳಿದ್ದಳೆಂದು ತಿಳಿಯುವ ಬಗೆಯಿಲ್ಲ, ತಿಳಿಯದವನು ಬೆಳತೂರಿಗೆ ಹೊರಡುವುದೂ ಇಲ್ಲ. ಕೆಲವು ಭೌತವಿಜ್ಞಾನಿಗಳು ಇದಕ್ಕೊಂದು ಉತ್ತರ ಸೂಚಿಸಿದ್ದಾರೆ: ಹಿಂದಕ್ಕೆ ಹೋದವನು ಏನೇ ಮಾಡಿದರೂ ಅದು ನಡೆದುಹೋದ ಇತಿಹಾಸದ ಒಳಗೇ ಸೇರಿರುತ್ತದೆ. ಆ ಲೆಕ್ಕದಲ್ಲಿ 1057ರಲ್ಲಿ ಅವಳನ್ನು ಬೇಡಿಕೊಂಡವರ ಗುಂಪಿನಲ್ಲಿ ಅವನೂ ಒಬ್ಬ, ಅವನ ಮಾತನ್ನೂ ಅವಳು ಕೇಳಲಿಲ್ಲ. ತರ್ಕಕ್ಕೆ ಇದು ಒಪ್ಪಿಗೆಯಾಗುವ ಉತ್ತರ, ಮನಸ್ಸಿಗೆ ಸಹಿಸಲಾಗದ ಉತ್ತರ. ಫಲವಿಲ್ಲವೆಂದು ತಿಳಿದೂ ಅಡ್ಡ ನಿಂತು ಬೇಡಲೇಬೇಕು, ಅಷ್ಟೇ. ಹಾಗೆ ಬೇಡುವ ಎದೆಯಿಲ್ಲದವರು ಬೆಳತೂರಿಗೆ ಹೋಗದಿರುವುದೇ ಸರಿ.

ಹಾಗಾದರೆ ಯಾರಿಗೂ ಕೇಡು ಬಗೆಯದೆ, ನೆಲವನ್ನು ಅಗೆದೂ ಓಲೆಗರಿಯನ್ನು ಓದಿಯೂ ಪಡೆಯಲಾಗದ್ದನ್ನು ಪಡೆಯುವಂಥ ಪಯಣ ಯಾವುದು? ಕಟ್ಟಡಗಳ ತಳಪಾಯ ಉಳಿದಿದೆ, ನಾಣ್ಯ ಉಳಿದಿದೆ, ಕಾವ್ಯ ಉಳಿದಿದೆ. ಪೂರ್ತಿ ಅಳಿದುಹೋದದ್ದು ದನಿ. ಎಡಿಸನ್ ದನಿಯನ್ನು ಹಿಡಿದು ಮತ್ತೆ ನುಡಿಸಿದ್ದು 1877ರಲ್ಲಿ. ಭಾರತದಲ್ಲಿ ಧ್ವನಿಮುದ್ರಣದ ವ್ಯಾಪಾರ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ. ಮೈಸೂರು ಅರಮನೆಯ ಆಶ್ರಯದಲ್ಲಿ 1930ರಲ್ಲಿ ಕಣ್ಣುಮುಚ್ಚಿದ ಆ ಗಾಯಕಿಯ ಕಂಠವನ್ನು ಇಂದಿಗೂ ಕೇಳಬಹುದು. ಪುರಂದರದಾಸರ ಕಂಠವನ್ನು ಕೇಳಲಾಗದು, ಅಕ್ಕಮಹಾದೇವಿಯ ಕಂಠವನ್ನೂ ಕೇಳಲಾಗದು. ಅವರು ನುಡಿದ ಕನ್ನಡ ಕಿವಿಗೆ ಹೇಗಿತ್ತೆಂಬುದನ್ನು ಬರಹದ ಗುರುತುಗಳಿಂದ ಊಹಿಸಬೇಕಷ್ಟೆ.

ಆ ಗುರುತುಗಳಲ್ಲಿ ಒಂದು ೞ ಎಂಬ ಅಕ್ಷರ. ಹಳಗನ್ನಡದಲ್ಲಿ ಏೞು, ಬಾೞೆ ಎಂದು ಬರೆಯುತ್ತಿದ್ದ ಪದಗಳು ಇಂದು ಏಳು, ಬಾಳೆ ಆಗಿವೆ. ಈ ಉಚ್ಚಾರ ತಮಿಳು, ಮಲಯಾಳಗಳಲ್ಲಿ ಇಂದಿಗೂ ಇದೆ, ಕನ್ನಡ ಅದನ್ನು ಕಳೆದುಕೊಂಡಿತು. 941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗ ಅದು ಕನ್ನಡದ ಜೀವಂತ ಅಕ್ಷರ. 13ನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ಯಾವ ಯಾವ ಪದಗಳಲ್ಲಿ ೞ ಬರುತ್ತದೆಂದು ಪಟ್ಟಿ ಮಾಡಿ ಹೇಳಬೇಕಾಗಿತ್ತು. ಆಡುವ ಬಾಯಿಗೆ ತಾನಾಗಿ ಬರುವುದನ್ನು ಯಾರೂ ಪಟ್ಟಿ ಮಾಡಿ ಕಲಿಸುವುದಿಲ್ಲ. ಈ ಎರಡು ಪುಸ್ತಕಗಳ ನಡುವಣ ಮುನ್ನೂರು ವರ್ಷಗಳಲ್ಲಿ ಎಲ್ಲೋ, ಒಂದೇ ಸೂರಿನಡಿ ಅಜ್ಜಿ ೞ ಎಂದೂ ಮೊಮ್ಮಗು ಳ ಎಂದೂ ನುಡಿದ ಮನೆಗಳಿದ್ದವು. ಪದದ ಮೊದಲ ಪಕಾರ ಹಕಾರವಾಗಿ ಪಾಲು ಹಾಲಾಗತೊಡಗಿದ್ದೂ ಹೆಚ್ಚುಕಡಿಮೆ ಅದೇ ಕಾಲ.

ಅಂಥ ಮನೆಯ ಜಗಲಿಯಲ್ಲಿ ದೀಪ ಹಚ್ಚುವ ಹೊತ್ತಿನಲ್ಲಿ ಒಂದು ಗಳಿಗೆ ಕೂತು ಬರುವುದು ಯಾವ ಒಡ್ಡೋಲಗಕ್ಕಿಂತಲೂ ಬೆಲೆಯುಳ್ಳ ಪಯಣ. ಊರು ಬನವಾಸಿಯಾದರೂ ಸರಿ, ಪುಲಿಗೆರೆಯಾದರೂ ಸರಿ. ಏನನ್ನೂ ತಿದ್ದಬೇಕಿಲ್ಲ, ಕಿವಿಯೊಂದಿದ್ದರೆ ಸಾಕು. ಅಜ್ಜಿ ಯಾವುದೋ ಹರಿದ ಕಂಬಳಿಯನ್ನೋ ಸವೆದ ಒನಕೆಯನ್ನೋ ತೋರಿಸಿ 'ಪೞೆಯದು' ಎನ್ನುತ್ತಾಳೆ. ಪಕ್ಕದಲ್ಲಿ ಆಡುತ್ತಿರುವ ಮಗು ಅದೇ ಮಾತನ್ನು 'ಹಳೆಯದು' ಎಂದು ತಿರುಗಿ ನುಡಿಯುತ್ತದೆ.