ಕಣ್ಣು ಮುಚ್ಚಿದ ಕೋತಿ ಮತ್ತು ನಾವು

ಹೊರನಾಡ ಕನ್ನಡಿಗರ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ತಲೆಯೆತ್ತುತ್ತದೆ: ‘ನಮ್ಮ ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಓದೋಕೆ ಬರಲ್ಲ.’ ಆ ವಾಕ್ಯದ ಕೊನೆಯಲ್ಲಿ ಪೂರ್ಣವಿರಾಮ ಇರುವುದಿಲ್ಲ. ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡ ಪುಟ್ಟ ಕೋತಿಯೊಂದು ಕುಳಿತಿರುತ್ತದೆ. ಅಹಮದಾಬಾದಿನವರು ಹೀಗೆ ಬರೆದರೆ ವಡೋದರದವರು ನಗುತ್ತಾರೆ. ಸೂರತ್ತಿನವರು ‘ನಮ್ಮನೇಲೂ ಅದೇ ಕತೆ’ ಎಂದು ತಮ್ಮದೂ ಒಂದು ಕೋತಿಯನ್ನು ಜೊತೆಗೂಡಿಸುತ್ತಾರೆ. ಭಾಷೆಯೊಂದು ಮನೆಬಿಟ್ಟು ಹೊರಡುತ್ತಿರುವ ಸುದ್ದಿ ಕಪಿಚೇಷ್ಟೆಯಾಗಿ ಮುಗಿದುಹೋಗುತ್ತದೆ. ಹಾಗೆ ಮುಗಿಸಿಬಿಡುವುದಕ್ಕೆ ನನ್ನ ವಿರೋಧವಿದೆ.

ಎಮೋಜಿಗಳ ಮೇಲೆ ನನಗೆ ಹಗೆಯಿಲ್ಲ. ‘ಈ ಚಿತ್ರಗಳಿಂದಲೇ ಭಾಷೆ ಕೆಟ್ಟಿತು’ ಎಂದು ಹಲುಬುವವರ ಪಕ್ಷವೂ ನನ್ನದಲ್ಲ. ಬರಹಕ್ಕೆ ದನಿಯ ಏರಿಳಿತವಿಲ್ಲ, ಹುಬ್ಬಿನ ಕುಣಿತವಿಲ್ಲ. ಮಾತಿನಲ್ಲಿ ‘ಮಾರಾಯ್ರೆ’, ‘ಕಣೋ’, ‘ಅಲ್ವೇನ್ರೀ’ ಎಂಬ ಪದಗಳು ಗದರಿಕೆಯನ್ನೂ ಸಲಿಗೆಯನ್ನಾಗಿಸುತ್ತವೆ; ಬರಹದಲ್ಲಿ ಆ ಕೆಲಸವನ್ನು ನಾಲಗೆ ಚಾಚಿದ ಮುಖವೋ ಕಣ್ಣು ಮಿಟುಕಿಸುವ ಮುಖವೋ ಮಾಡುತ್ತದೆ. ಜಪಾನಿಯಲ್ಲಿ ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. ಇಂಗ್ಲಿಷಿನ ಇಮೋಷನ್ನಿಗೂ ನಮ್ಮ ಮೋಜಿಗೂ ಆ ಹೆಸರಿಗೆ ನಂಟಿಲ್ಲವಾದರೂ ಬಳಕೆಯಲ್ಲಿ ಎರಡೂ ಕೂಡಿಕೊಂಡಿವೆ. ಇದರಲ್ಲಿ ತಪ್ಪೇನೂ ಇಲ್ಲ.

ಫೋನು ಕನ್ನಡವನ್ನು ಅಡ್ಡಗಟ್ಟಿತೆಂಬ ನೆಪವೂ ನಿಲ್ಲುವುದಿಲ್ಲ. ಕನ್ನಡ ಲಿಪಿಗೆ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಸ್ಥಾನ ದೊರೆಯಿತು. ಈ ಕೋತಿಗಳು ಅದೇ ಯುನಿಕೋಡ್‌ಗೆ ಬಂದದ್ದು 2010ರಲ್ಲಿ. ನಮ್ಮ ಅಕ್ಷರಗಳು ಅವಕ್ಕಿಂತ 19 ವರ್ಷ ಹಿರಿಯವು. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆ ಇಲ್ಲಿ ತಿರುಗಿ ನಿಂತಿದೆ: ಬೆಣ್ಣೆ ತಿಂದವರು ನಾವು, ಒರೆಸುತ್ತಿರುವುದು ಕೋತಿಯ ಬಾಯಿಗೆ.

ಆ ಕೋತಿಯ ಹಿನ್ನೆಲೆಯನ್ನಾದರೂ ನೋಡಬೇಕು. ಜಪಾನಿನ ನಿಕ್ಕೋ ಪಟ್ಟಣದ ತೋಷೋಗು ದೇಗುಲದಲ್ಲಿ ಕುದುರೆ ಲಾಯವೊಂದಿದೆ. ಅದರ ಮೇಲೆ 17ನೇ ಶತಮಾನದ ಮರದ ಕೆತ್ತನೆಗಳಲ್ಲಿ ಮೂರು ಕೋತಿಗಳಿವೆ: ಮಿಜಾರು, ಕಿಕಜಾರು, ಇವಜಾರು, ನೋಡದು, ಕೇಳದು, ಆಡದು. ಹಳೆಯ ಜಪಾನಿಯಲ್ಲಿ ‘ಜಾರು’ ನಿಷೇಧವನ್ನು ಸೂಚಿಸುವ ಪ್ರತ್ಯಯ. ಕೋತಿಗೆ ಅಲ್ಲಿ ‘ಸಾರು’ ಎನ್ನುತ್ತಾರೆ. ಸಮಾಸದಲ್ಲಿ ಅದೂ ‘ಜಾರು’ ಆಗುತ್ತದೆ. ಈ ಶ್ಲೇಷೆಯಿಂದಲೇ ನೀತಿಪಾಠಕ್ಕೆ ಕೋತಿಯ ಮುಖ ಬಂದಿತು. ಒಂದು ಭಾಷೆಯ ವ್ಯಾಕರಣದಿಂದ ಹುಟ್ಟಿದ ಪ್ರಾಣಿಯನ್ನು ಮುಂದಿಟ್ಟುಕೊಂಡು ನಾವು ನಮ್ಮ ಭಾಷೆಯಿಂದ ಜಾರಿಕೊಳ್ಳುತ್ತಿದ್ದೇವೆ.

ಇನ್ನೊಂದು ಸಂಗತಿಯಿದೆ. ಲಾಯದ ಕೆತ್ತನೆಗಳು ಒಟ್ಟಾಗಿ ಮನುಷ್ಯಜೀವನದ ಹಂತಗಳನ್ನು ಹೇಳುತ್ತವೆ. ಮೂರು ಕೋತಿಗಳಿರುವ ಫಲಕ ಬಾಲ್ಯದ್ದು: ಎಳೆಯ ವಯಸ್ಸಿನಲ್ಲಿ ಕೆಟ್ಟದ್ದು ಕಣ್ಣಿಗೆ, ಕಿವಿಗೆ, ಬಾಯಿಗೆ ತಾಗದಿರಲಿ ಎಂದು ಅದರ ಆಶಯ. ಫೋನಿನಲ್ಲಿ ಈ ಅರ್ಥ ಉಳಿದಿಲ್ಲ. ಅಲ್ಲಿ ಕಣ್ಣು ಮುಚ್ಚಿದ ಕೋತಿ ‘ನಾನು ಕೆಟ್ಟದ್ದನ್ನು ನೋಡಲಾರೆ’ ಎನ್ನುವುದಿಲ್ಲ, ‘ನನ್ನನ್ನು ನೋಡಬೇಡಿ’ ಎನ್ನುತ್ತದೆ. ನಾಚಿಕೆ, ಪೆಚ್ಚು, ತುಂಟತನ ಎಲ್ಲವೂ ಅದರೊಳಗಿವೆ. ಹೊಸ ಸೀರೆಯ ಚಿತ್ರ ಹಾಕಿ ನಾಚಿಕೊಳ್ಳಲು ಅದು ಸರಿ. ಒಲೆಯ ಮೇಲೆ ಹಾಲುಕ್ಕಿಸಿದ್ದನ್ನು ಹೇಳಿಕೊಳ್ಳಲೂ ಸರಿ. ಮಗುವಿನ ಭಾಷೆ ಕೈತಪ್ಪಿದ ಮಾತಿಗೆ ಅದು ಸಲ್ಲದು. ಉಕ್ಕಿದ ಹಾಲಿಗೆ ಬದಲಾಗಿ ನಾಳೆ ಬೇರೆ ಹಾಲು ಬರುತ್ತದೆ.

ಬಾಲ್ಯದ ಆ ಮೂರು ಕೋತಿಗಳು ನಮ್ಮ ಮನೆಗಳಲ್ಲಿ ಒಂದರ ಹಿಂದೊಂದು ಬರುತ್ತವೆ. ಮೊದಲು ಕಣ್ಣು ಮುಚ್ಚುತ್ತದೆ: ಮಗು ಕನ್ನಡ ಓದುವುದಿಲ್ಲ. ಬಳಿಕ ಬಾಯಿ: ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಹಿಂದಿಯಲ್ಲಿ ಬರುತ್ತದೆ. ಕೊನೆಗೆ ಕಿವಿ: ಊರಿನಿಂದ ಅಜ್ಜಿ ಫೋನು ಮಾಡಿದರೆ ಮೊಮ್ಮಗ ಅದನ್ನು ಅಪ್ಪನ ಕೈಗೆ ದಾಟಿಸುತ್ತಾನೆ. ನಿಕ್ಕೋದ ಶಿಲ್ಪಿ ಮಗುವಿನಿಂದ ದೂರವಿಡಬಯಸಿದ್ದು ಕೇಡನ್ನು. ನಾವು ದೂರವಿಟ್ಟಿದ್ದು ಕನ್ನಡವನ್ನು.

ಈ ಮಾತನ್ನು ಗುಜರಾತಿನಲ್ಲಿ ಕುಳಿತು ಹೇಳುವುದಕ್ಕೆ ಕಾರಣವಿದೆ. ಮೂರು ಕೋತಿಗಳನ್ನು ಭಾರತದ ಮನೆಮಾತಾಗಿಸಿದವರು ಗಾಂಧೀಜಿ. ಸಾಬರಮತಿ ಆಶ್ರಮಕ್ಕೆ ಬಂದವರು ಕೋತಿಗಳ ಪ್ರತಿಮೆಯ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುವುದು ರೂಢಿ. ಆ ಗಾಂಧೀಜಿ ತಾಯ್ನುಡಿಯ ವಿಷಯದಲ್ಲಿ ಕಣ್ಣು ಮುಚ್ಚಿದವರಲ್ಲ. ಆತ್ಮಕಥೆಯನ್ನು ಬರೆದದ್ದು ಗುಜರಾತಿಯಲ್ಲಿ. ಅವರು 1920ರಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠ, ಅವರದೇ ಒತ್ತಾಸೆಯಿಂದ, 1929ರಲ್ಲಿ ‘ಜೋಡಣೀಕೋಶ’ವನ್ನು ಹೊರತಂದು ಗುಜರಾತಿಯ ಕಾಗುಣಿತಕ್ಕೆ ಒಂದು ನೆಲೆ ಕಟ್ಟಿಕೊಟ್ಟಿತು. ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಹಿಂದಿನ ವರ್ಷ, ದೇಶದ ಅಷ್ಟೊಂದು ಕೆಲಸಗಳ ನಡುವೆ, ಆ ಮನುಷ್ಯನಿಗೆ ಹ್ರಸ್ವದೀರ್ಘಗಳ ಚಿಂತೆಯೂ ಇತ್ತು. ವಡೋದರದಲ್ಲಿ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಸಂಸ್ಥಾನದಾದ್ಯಂತ ಕಡ್ಡಾಯಗೊಳಿಸಿದರು, 1910ರಲ್ಲಿ ಕೇಂದ್ರ ಗ್ರಂಥಾಲಯವನ್ನು ತೆರೆದರು. ಸೂರತ್ತಿನ ಕವಿ ನರ್ಮದ್ ವರ್ಷಗಟ್ಟಲೆ ದುಡಿದು 1873ರಲ್ಲಿ ‘ನರ್ಮಕೋಶ’ವೆಂಬ ಗುಜರಾತಿ ನಿಘಂಟನ್ನು ಅಚ್ಚಿಗೆ ತಂದರು, ಅವರ ಹುಟ್ಟುಹಬ್ಬವಾದ ಆಗಸ್ಟ್ 24 ಇಂದು ಗುಜರಾತಿ ಭಾಷಾ ದಿನ. ನಾವು ಬಾಡಿಗೆ ಕಟ್ಟಿ ವಾಸಿಸುವ ಮೂರೂ ನಗರಗಳು ತಮ್ಮ ನುಡಿಗಾಗಿ ಬೆವರು ಹರಿಸಿವೆ. ನಮ್ಮ ನುಡಿಗಾಗಿ ನಾವು ಹರಿಸುತ್ತಿರುವುದು ಕೋತಿಗಳನ್ನು.

‘ಕೇಂದ್ರ ಸರ್ಕಾರದ ನೌಕರಿ, ವರ್ಗಾವಣೆಯ ಬದುಕು. ಶಾಲೆಯಲ್ಲಿ ಆಗಲೇ ಇಂಗ್ಲಿಷು, ಹಿಂದಿ, ಗುಜರಾತಿ. ನಾಲ್ಕನೆಯದನ್ನು ಮಗುವಿನ ತಲೆಗೆ ತುರುಕುವುದೇ?’ ಎನ್ನುವವರಿದ್ದಾರೆ. ನಾನೂ ಅದೇ ನೌಕರಿಯವ. ಈ ದಣಿವು ನನಗೆ ಹೊಸತಲ್ಲ. ಆದರೆ ಅದೇ ಮಗು ದೇವನಾಗರಿಯ ತಲೆಗೆರೆ ಕಳಚಿದ ಗುಜರಾತಿ ಲಿಪಿಯನ್ನು ಅಂಗಡಿಯ ಫಲಕಗಳನ್ನು ನೋಡುತ್ತಲೇ ಕಲಿತುಬಿಡುತ್ತದೆ. ಕ ಖ ಗ ಘ ಎಂಬ ಕ್ರಮ ಅದರ ತಲೆಯಲ್ಲಿ ಆಗಲೇ ಇದೆ. ಕನ್ನಡಕ್ಕೆ ಬೇಕಾದದ್ದು ಹೊಸ ಆಕಾರಗಳು, ಕುಳಿತು ಹೇಳಿಕೊಡುವ ಒಬ್ಬ ದೊಡ್ಡವರು, ದಿನಕ್ಕೆ ಕಾಲು ಗಂಟೆ. ಭಾರ ಮಗುವಿನ ತಲೆಯ ಮೇಲಲ್ಲ, ನಮ್ಮ ಸಂಜೆಗಳ ಮೇಲೆ. ಕೋತಿ ಮುಚ್ಚಿಡುವುದು ಈ ಸತ್ಯವನ್ನು.

‘ನಗೆಯ ಮಾತಿಗೆ ಇಷ್ಟು ಗಾಂಭೀರ್ಯವೇಕೆ?’ ಎಂದೂ ಕೇಳಬಹುದು. ನಗೆ ಕ್ಷಮೆ ಕೊಡುತ್ತದೆ, ಅದಕ್ಕೆ. ಹತ್ತು ಜನ ಒಟ್ಟಿಗೆ ನಕ್ಕಾಗ ಹತ್ತು ಜನರಿಗೂ ಕ್ಷಮೆ ಸಿಗುತ್ತದೆ. ಕೊಟ್ಟವರು, ಪಡೆದವರು ಒಬ್ಬರೇ. ನಷ್ಟವನ್ನು ಅನುಭವಿಸುವ ಮಗು ಮಾತ್ರ ಆ ಗುಂಪಿನಲ್ಲಿ ಇರುವುದಿಲ್ಲ. ಇದ್ದರೂ ನಮ್ಮ ಮಾತನ್ನು ಅದಕ್ಕೆ ಓದಲು ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಬರೆಯುವಾಗ ಕೋತಿಯನ್ನು ಕೈಬಿಟ್ಟು ಪೂರ್ಣವಿರಾಮ ಹಾಕೋಣ. ಆ ವಾಕ್ಯವನ್ನು ಹಾಗೆ ಬರಿದಾಗಿ ಓದಿದರೆ ನಗು ಬರುವುದಿಲ್ಲ, ಬರಬಾರದು. ಇನ್ನೊಬ್ಬರು ಹಾಗೆ ಬರೆದಾಗ ನಗುಮುಖ ಒತ್ತುವ ಬದಲು ‘ಯಾವಾಗಿಂದ ಹೇಳಿಕೊಡ್ತೀರಿ?’ ಎಂದು ಕೇಳೋಣ. ಮುಂದಿನ ತಿಂಗಳು ಗುಂಪಿಗೆ ಮಗುವಿನ ಕೈಬರಹದ ಒಂದು ಚಿತ್ರ ಬರಲಿ: ಅದರ ಹೆಸರು, ಸೊಟ್ಟಸೊಟ್ಟಾಗಿಯಾದರೂ ಸರಿ, ಕನ್ನಡದಲ್ಲಿ. ಅದರ ಕೆಳಗೆ ಯಾರು ಎಷ್ಟು ಎಮೋಜಿ ಹಾಕಿದರೂ ನನ್ನ ತಕರಾರಿಲ್ಲ.