ಕಡಲು ದಾಟಿದವನೂ ನಮ್ಮ ಮನೆಯವನೇ

ನಮ್ಮಲ್ಲಿ ವಂಶಾಭಿಮಾನಕ್ಕೆ ಕೊರತೆಯಿಲ್ಲ. ವಂಶದ ವಿಚಾರಕ್ಕೆ ಮಾತ್ರ ಬಹಳ ಕೊರತೆ. ಈ ಎರಡೂ ಒಂದೇ ಎಂದು ತಿಳಿದಿರುವ ಸಜ್ಜನರೊಡನೆ ನನಗೊಂದು ಜಗಳವಿದೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ಬೇಸಗೆಯಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದಿಂದ ಒಬ್ಬ ನಿವೃತ್ತ ಉಪಾಧ್ಯಾಯಿನಿ ನಮ್ಮ ವರ್ತೂರಿಗೆ ಬಂದರು. ಕನ್ನಡದ ಮೇಷ್ಟರೆಂದು ಯಾರೋ ನನ್ನ ಮನೆಯನ್ನು ತೋರಿಸಿದರಂತೆ. ಆಕೆಯ ಕೈಯಲ್ಲಿ ಒಂದು ಹಾಳೆಯ ನಕಲಿತ್ತು. 1880ರ ದಶಕದಲ್ಲಿ ಮದರಾಸಿನ ಬಂದರಿನಲ್ಲಿ ಹಡಗು ಹತ್ತಿದ ಅವರ ಮುತ್ತಜ್ಜನ ದಾಖಲೆ ಅದು: ಒಂದು ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಜಿಲ್ಲೆ, ಹಳ್ಳಿ. ಜಿಲ್ಲೆ ಬೆಂಗಳೂರು. ಹಳ್ಳಿಯ ಹೆಸರನ್ನು ಗುಮಾಸ್ತನು ಇಂಗ್ಲಿಷಿನಲ್ಲಿ 'ವುರ್ಟೂರ್' ಎಂದೋ ಏನೋ ಗೀಚಿದ್ದ. "ಇದು ನಿಮ್ಮ ಊರೇ?" ಎಂಬುದು ಆಕೆಯ ಪ್ರಶ್ನೆ.

ಊರಿನ ಹಳೆಯ ಮನೆತನಗಳನ್ನು ವಿಚಾರಿಸೋಣವೆಂದು ಆಕೆಯನ್ನು ಕರೆದುಕೊಂಡು ಹೊರಟೆ. ಮೊದಲನೆಯ ಮನೆಯ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಪಾಲು ಕೇಳೋದಕ್ಕೆ ಬಂದಿದ್ದಾರೇನು?" ಎಂದರು. ಎರಡನೆಯ ಮನೆಯವರು, "ನಮ್ಮ ವಂಶದಲ್ಲಿ ಕೂಲಿಗೆ ಹೋದೋರು ಯಾರೂ ಇಲ್ಲ" ಎಂದು ಬಾಗಿಲಲ್ಲೇ ಮಾತು ಮುಗಿಸಿದರು. ಸಂಜೆ ಸಿಕ್ಕಿದ ವಿದ್ವಾಂಸ ಮಿತ್ರರೊಬ್ಬರು ಇನ್ನೂ ಉದಾರಿಗಳು: "ಪಾಪ, ಅಷ್ಟು ದೂರದಿಂದ ಬಂದಿದ್ದಾರೆ. ಯಾವುದಾದರೂ ಪಾಳೆಯಗಾರರ ವಂಶ ಹೇಳಿ ಕಳುಹಿಸಿಬಿಡಿ, ಸಂತೋಷಪಡಲಿ" ಎಂದರು. ನಾಲ್ಕನೆಯವರೊಬ್ಬರು ಹಾಳೆಯನ್ನು ನೋಡಿ, "ಆ ಜಾತಿಯ ಕಾಲಂ ಏಕೆ ಬೇಕು? ಅಷ್ಟನ್ನು ಮುಚ್ಚಿ ನಕಲು ಮಾಡಿಸಬಹುದಿತ್ತು" ಎಂದು ಸಲಹೆ ಕೊಟ್ಟರು.

ಈ ನಾಲ್ವರಿಗೂ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ಪಾಲಿನ ಮಾತು. ವಂಶವೃಕ್ಷವೆಂಬ ಶಬ್ದಕ್ಕೆ ನಮ್ಮ ಕಡೆ ಈಗ ಉಳಿದಿರುವ ಅರ್ಥ ಒಂದೇ: ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯುವ, ಖಾತೆ ಬದಲಾಯಿಸಲು ಬೇಕಾಗುವ ಪತ್ರ. ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಗಾಜಿನ ಕಟ್ಟಡಗಳೆದ್ದು, ಗುಂಟೆಯ ಬೆಲೆ ಕೇಳಿದರೆ ತಲೆ ತಿರುಗುವ ಊರಿನಲ್ಲಿ ಈ ಭಯವನ್ನು ನಾನು ಹಾಸ್ಯ ಮಾಡಲಾರೆ. ಆದರೆ ಹಡಗಿನ ಪಟ್ಟಿ ಪಹಣಿಯಲ್ಲ. ಅದರಲ್ಲಿ ಸರ್ವೆ ನಂಬರಿಲ್ಲ, ಎಕರೆ ಗುಂಟೆಗಳಿಲ್ಲ; ಮೈಮೇಲಿನ ಗಾಯದ ಗುರುತು ಮಾತ್ರ ಇದೆ. ಅಷ್ಟಕ್ಕೆ ಹೆದರಿ ಬಾಗಿಲು ಹಾಕುವುದು ಮರ್ಯಾದೆಯೆ?

ಎರಡನೆಯದು, "ನಮ್ಮಲ್ಲಿ ಯಾರೂ ಹೋಗಿಲ್ಲ" ಎಂಬ ಮಾತು. ಇದನ್ನು ಇತಿಹಾಸ ಒಪ್ಪುವುದಿಲ್ಲ. 1860ರ ನವೆಂಬರ್ 16ರಂದು 'ಟ್ರೂರೋ' ಎಂಬ ಹಡಗು ಮದರಾಸಿನಿಂದ 342 ಮಂದಿಯನ್ನು ಹೊತ್ತು ಡರ್ಬನ್ ಮುಟ್ಟಿತು. ಅಲ್ಲಿಂದ 1911ರ ವರೆಗೆ ಐದೈದು ವರ್ಷದ ಕರಾರಿಗೆ ಸಹಿ ಹಾಕಿ ನೆಟಾಲಿಗೆ ಹೋದವರು 1,52,184 ಮಂದಿ. ಮಾರಿಷಸ್ಸಿಗೆ 1834ರಿಂದ ಸುಮಾರು ನಾಲ್ಕೂವರೆ ಲಕ್ಷ ಜನ ಹೋದರು. ಫಿಜಿಗೆ 1879ರಿಂದ 1916ರ ವರೆಗೆ ಅರುವತ್ತು ಸಾವಿರಕ್ಕೂ ಮೇಲೆ. 'ಅಗ್ರಿಮೆಂಟ್' ಎಂಬ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ನೆಟಾಲಿನ ಪಟ್ಟಿಗಳಲ್ಲಿ ಬೆಂಗಳೂರೂ ಇದೆ, ಮೈಸೂರೂ ಇದೆ. ಇರದೆ ಏನು? 1871ರ ಜನಗಣತಿಯಲ್ಲಿ ಸುಮಾರು ಐವತ್ತು ಲಕ್ಷವಿದ್ದ ಮೈಸೂರು ಸೀಮೆಯ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಳಿದರು; ನಡುವೆ 1876-78ರ ಘೋರ ಕ್ಷಾಮ. ಸತ್ತವರು ಸತ್ತರು, ಬದುಕಿ ಉಳಿದ ನಿರ್ಗತಿಕನಿಗೆ 1864ರಲ್ಲೇ ಮದರಾಸಿಗೆ ರೈಲು ದಾರಿ ತೆರೆದಿತ್ತು. ಆ ಕಂಬಿ ಇಂದಿಗೂ ನಮ್ಮೂರಿಗೆ ಕೆಲವೇ ಮೈಲಿ ದೂರದಲ್ಲಿ ವೈಟ್‌ಫೀಲ್ಡಿನ ಮೇಲೆ ಹಾದುಹೋಗುತ್ತದೆ. ಆಂಗ್ಲೋ-ಇಂಡಿಯನ್ನರಿಗಾಗಿ 1882ರಲ್ಲಿ ಆ ವೈಟ್‌ಫೀಲ್ಡ್ ನೆಲೆಗೊಂಡ ಕಥೆಯನ್ನು ನಾವು ಬಲ್ಲೆವು. ಅದೇ ವರ್ಷಗಳಲ್ಲಿ ಸುತ್ತಿನ ಹಳ್ಳಿಗಳಿಂದ ಹೋದವರ ಕಥೆ ನಮಗೆ ಬೇಡವಾಗಿದೆ. ಬಂದವರಿಗೊಂದು ಚರಿತ್ರೆ, ಹೋದವರಿಗೆ ಮರೆವು: ಇದು ಯಾವ ನ್ಯಾಯ?

ಮೂರನೆಯವರಾದ ನನ್ನ ವಿದ್ವಾಂಸ ಮಿತ್ರರ ಮೇಲೆ ನನಗೆ ಹೆಚ್ಚು ಕೋಪ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದಂದಿನಿಂದ ನಾವು ಕಲ್ಲನ್ನು ಓದಲು ಕಲಿತೆವು. ಸವೆದ ಒಂದಕ್ಷರಕ್ಕಾಗಿ ಹತ್ತು ಪುಟ ವಾದ ಮಾಡುತ್ತೇವೆ. ತುರುಗಳನ್ನು ಕಾಯುತ್ತ ಸತ್ತವನ ವೀರಗಲ್ಲಿಗೆ ಕೈ ಮುಗಿಯುತ್ತೇವೆ. ಹೊಟ್ಟೆಯ ಪಾಡಿಗೆ ಕಡಲು ದಾಟಿದವನ ಕಾಗದಕ್ಕೆ ಮಾತ್ರ ಆ ಶ್ರದ್ಧೆ ಇಲ್ಲ. ಅಲ್ಲಿ ಬಾಯಿಗೆ ಬಂದ ವಂಶ ಹೇಳಿ ಕಳುಹಿಸಬಹುದು! ಒಂದು ಶಾಸನದ ವಿಷಯದಲ್ಲಿ ಹೀಗೆ ಮಾಡಿದ್ದರೆ ಇದೇ ಮಿತ್ರರು ನನ್ನನ್ನು ಸುಮ್ಮನೆ ಬಿಡುತ್ತಿದ್ದರೆ?

ನಿಜ ಹೇಳುವುದಾದರೆ, ಈ ಕಾಗದಗಳನ್ನು ಓದುವುದು ಕನ್ನಡ ಮೇಷ್ಟರ ಕೆಲಸವೇ. ನಮ್ಮ ಹಳ್ಳಿಗರಿಗೆ ಮನೆತನದ ಹೆಸರೆಂಬುದಿರಲಿಲ್ಲ. ತಾನು ಒಂದು ಹೆಸರು, ತಂದೆ ಒಂದು ಹೆಸರು, ಅಷ್ಟೇ. ಅದನ್ನು ತಮಿಳೋ ತೆಲುಗೋ ಬಲ್ಲ ಗುಮಾಸ್ತ ತನ್ನ ಕಿವಿಗೆ ಕೇಳಿಸಿದಂತೆ ಇಂಗ್ಲಿಷಿಗಿಳಿಸಿದ. ಕೌಂಡರು ಆಫ್ರಿಕದಲ್ಲಿ 'ಗವೆಂಡರ್' ಆದ ಹಾಗೆ ನಮ್ಮ ಹೆಸರುಗಳೂ ವೇಷ ಬದಲಿಸಿರುತ್ತವೆ. ಹಳಗನ್ನಡದ 'ಪಳ್ಳಿ' ಹೊಸಗನ್ನಡದಲ್ಲಿ 'ಹಳ್ಳಿ' ಆಯಿತೆಂದು ತರಗತಿಯಲ್ಲಿ ಪಾಠ ಹೇಳುವ ನಮಗೆ, ಪಕ್ಕದ ಭಾಷೆಯವನು ಬರೆದ 'ಪಲ್ಲಿ'ಯ ಹಿಂದೆ ನಮ್ಮ 'ಹಳ್ಳಿ' ಅಡಗಿರಬಹುದೆಂದು ಹೊಳೆಯಬೇಡವೆ? ವಯಸ್ಸು ಅಂದಾಜಿನದು, ಸಾಲಕ್ಕೋ ಜೀತಕ್ಕೋ ಹೆದರಿ ಓಡಿದವನು ಹೆಸರನ್ನೇ ಬೇರೆ ಹೇಳಿರಬಹುದು. ಆದ್ದರಿಂದ ಒಂದು ಹಾಳೆಯನ್ನು ನಂಬಿ ಕೂರಬಾರದು. ಆತನಿಗೆ ಕೊಟ್ಟ ಸಂಖ್ಯೆಯೇ ಬೀಗದ ಕೈ. ಮುಂದೆ ಮದುವೆಗೂ ಸಾವಿಗೂ ಆ ನಾಡಿನ ಕಚೇರಿಗಳು ಅದನ್ನೇ ಬರೆದುಕೊಂಡವು. ಸಂಖ್ಯೆ, ತಂದೆಯ ಹೆಸರು, ಊರು ಮೂರನ್ನೂ ಕೂಡಿಸಿ ನೋಡಿದ ಮೇಲೆ ಮಾತಾಡಬೇಕು. 'ವುರ್ಟೂರ್' ನಮ್ಮ ವರ್ತೂರೇ ಇರಬೇಕೆಂಬುದು ನನ್ನ ಊಹೆ, ಪ್ರಮಾಣವಲ್ಲ. ಆಕೆಗೂ ಹಾಗೆಯೇ ಹೇಳಿದೆ. ಆಕೆ ಬೇಸರಪಡಲಿಲ್ಲ. ಸುಳ್ಳು ಪಾಳೆಯಗಾರನಿಗಿಂತ ನಿಜವಾದ ಸಂಶಯ ಮೇಲೆಂದು ಆಕೆಗೆ ತಿಳಿದಿತ್ತು.

ಇನ್ನು ಜಾತಿಯ ಕಾಲಂ. ಅದನ್ನು ಬರೆಸಿದವರ ಉದ್ದೇಶ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬನು ಊರನ್ನು ಏಕೆ ಬಿಟ್ಟ, ಕಡಲು ದಾಟಿದ ಮೇಲೆ ಏಕೆ ಮರಳಲಿಲ್ಲ ಎಂಬುದಕ್ಕೆ ಹಲವು ಸಲ ಉತ್ತರವಿರುವುದು ಅಲ್ಲೇ. ಅದನ್ನು ಮುಚ್ಚಿದರೆ ಮುಚ್ಚಿಹೋಗುವುದು ಅವನ ಅವಮಾನವಲ್ಲ, ನಮ್ಮ ಊರಿನ ತಪ್ಪು.

ಪರರಿಗೆ ಇಷ್ಟು ಹೇಳಿದ ಮೇಲೆ ನನ್ನ ಮನೆಯ ಮಾತನ್ನೂ ಹೇಳಬೇಕಾದದ್ದು ಧರ್ಮ. ನನ್ನ ಮುತ್ತಜ್ಜನಿಗೆ ಒಬ್ಬ ತಮ್ಮನಿದ್ದ. ಅವನು "ಕಾಶಿಗೆ ಹೋದ" ಎಂದೇ ನಮ್ಮಲ್ಲಿ ಹೇಳುತ್ತ ಬಂದಿದ್ದಾರೆ. ಹದಿನೆಂಟರ ಹುಡುಗ, ಮದುವೆಯಾಗದವನು, ಅಣ್ಣನೊಡನೆ ಜಗಳವಾಡಿ ಒಂಟಿಯಾಗಿ ಕಾಶಿಗೆ ಏಕೆ ಹೋದಾನು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಡರ್ಬನ್ನಿನ ಆ ತಾಯಿ ಹೋದ ಮೇಲೆ ನನ್ನ ಸೋದರತ್ತೆಯನ್ನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದರಾಸಿನ ರೈಲು ಹತ್ತಿದನಂತೆ ಕಣೋ. ಅದನ್ನು ಹೊರಗೆ ಹೇಳಬಾರದು ಅಂತಿತ್ತು" ಎಂದರು. ಎರಡನೆಯ ಮನೆಯ ಬಾಗಿಲಲ್ಲಿ ನಿಂತು ಮಾತು ಮುಗಿಸಿದವರಿಗೂ ನನಗೂ ಇದ್ದ ಅಂತರ ಇಷ್ಟೇ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿಯೊಂದು ಕಾಲೇಜಿನ ಕನ್ನಡ ವಿಭಾಗವೂ ತನ್ನ ಹೋಬಳಿಯ ಹಳ್ಳಿಗಳ ಹೆಸರುಗಳನ್ನು, ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಅವು ತಾಳಿರುವ ರೂಪಗಳೊಡನೆ, ಪಟ್ಟಿ ಮಾಡಲಿ. ದೂರದಿಂದ ಬಂದವರ ಅರ್ಧ ಕಷ್ಟ ಅದರಿಂದಲೇ ತೀರುತ್ತದೆ. ಮನೆಯ ಹಿರಿಯರು "ಕಾಶಿಗೆ ಹೋದ", "ಎಲ್ಲೋ ಹೋದ" ಎನ್ನುವವರ ಹೆಸರು, ತಂದೆಯ ಹೆಸರು, ಹೋದ ಸುಮಾರು ವರ್ಷ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಲಿ. ನಾನು ಬರೆದಿಟ್ಟಿದ್ದೇನೆ. ಆ ಚೀಟಿಯನ್ನು ಹಿಡಿದು ಈಗ ನೆಟಾಲಿನ ಪಟ್ಟಿಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಅವನು ಸಿಕ್ಕದೆ ಇರಬಹುದು. ಕಾಶಿಗೆ ಹೋದನೆಂದು ಮಾತ್ರ ಇನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ.